ದಿಲ್ಲಿಗೆ ಹೋಗುತ್ತಿದ್ದ ಲಾರಿ

ಮೊನ್ನೆ ಎರಡು ದಿನ ರಜ ಸಿಕ್ಕಿತ್ತು ಅಂತ ತಿಪಟೂರಿನ ಹತ್ತಿರ ನಮ್ಮ ಮಾವನ ಊರಿಗೆ ಹೋಗಿದ್ದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದರೆ ಮನೆ ಮುಂದೆ ಮಾವನ ಲಾರಿ ನಿಂತಿತ್ತು. ಟಾಟಾ 1613. ಎಷ್ಟೋ ವರ್ಷದಿಂದ ನೋಡುತ್ತಿರುವ ಗಾಡಿಯೇ. ಆದರೆ ಅದರ ಆರ್.ಸಿ. ಪುಸ್ತಕ ನನ್ನ ಕೈಗೆ ಬಂದಿದ್ದು ಇದೇ ಮೊದಲು. ಯಾವುದೋ ಫಾರ್ಮ್ ಆನ್‌ಲೈನ್‌ನಲ್ಲಿ ತುಂಬಬೇಕಿತ್ತು, ಇಂಜಿನಿಯರ್ ಅಳಿಯ ಬಂದಿದ್ದಾನಲ್ಲ, ಮಾಡಿಕೊಡಲಿ ಅಂತ ಮಾವ ತಂದುಕೊಟ್ಟರು. ತಯಾರಾದ ವರ್ಷ: 1998.

ನಾನೂ 1998ರ ಮಾಡೆಲ್ಲೇ :-)

ಆಫೀಸಿನಲ್ಲಿ ನನ್ನನ್ನು ಇನ್ನೂ ಹುಡುಗ ಅಂತಾರೆ. ನನ್ನ ಜೊತೆ ಹುಟ್ಟಿದ ಈ ಲಾರಿ ಮಾತ್ರ ಆಗಲೇ ಅಜ್ಜ ಆಗಿ ಕೂತಿದೆ. ಸುಮ್ಮನೆ ಕುತೂಹಲಕ್ಕೆ ಕೇಳಿದೆ, "ಮಾವ, ಇದು ಈಗ ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡತ್ತೆ?"

"ಮೀಟರ್ ನಿಂತೇ ಎಷ್ಟೋ ವರ್ಷ ಆಯ್ತು ಕಣೋ. ದಿನಕ್ಕೆ ನಲವತ್ತು ಓಡಿದ್ರೆ ಹೆಚ್ಚು. ಅದೂ ತಿಂಗ್ಳಲ್ಲಿ ಹದಿನೈದು ದಿನ ಕೆಲಸ ಇದ್ರೆ ಪುಣ್ಯ." ಸ್ವಲ್ಪ ಹೊತ್ತು ಬಿಟ್ಟು ತಾವೇ ಹೇಳಿದರು, "ಇದೇ ಗಾಡೀಲಿ ದಿಲ್ಲಿಗೆ ಹೋಗ್ತಿದ್ವಿ. ತಿಂಗ್ಳಿಗೆ ಎರಡು ಟ್ರಿಪ್ಪು."

ತಿಪಟೂರಿನ ಉಂಡೆ ಕೊಬ್ಬರಿ ಉತ್ತರ ಭಾರತಕ್ಕೆ ಹೋಗುವುದು ನಿಮಗೆ ಗೊತ್ತಿರಬಹುದು. ದಿಲ್ಲಿ ಇಲ್ಲಿಂದ ಎರಡು ಸಾವಿರ ಕಿ.ಮೀ.ಗೂ ಹೆಚ್ಚು. ಎರಡು ಸಲ ಹೋಗಿ ಎರಡು ಸಲ ಬಂದರೆ ತಿಂಗಳಿಗೆ ಎಂಟು ಸಾವಿರದ ಮೇಲೆ. ಈಗ ಆರುನೂರು. ಅಂದರೆ ಆಗ ಒಂದು ತಿಂಗಳಲ್ಲಿ ಓಡುತ್ತಿದ್ದ ದೂರವನ್ನು ಓಡಲು ಈಗ ಒಂದು ವರ್ಷಕ್ಕಿಂತ ಹೆಚ್ಚು ಬೇಕು. ಆಗ ಕೊಬ್ಬರಿ ಹೊತ್ತು ನಾಲ್ಕೈದು ರಾಜ್ಯ ದಾಟುತ್ತಿದ್ದ ಗಾಡಿ ಈಗ ತೋಟಗಳಿಂದ ತೆಂಗಿನ ಸಿಪ್ಪೆ ತುಂಬಿಕೊಂಡು ನಾರಿನ ಫ್ಯಾಕ್ಟರಿಗೆ ಹಾಕುತ್ತದೆ. ಅದೇ ತೆಂಗಿನಕಾಯಿ... ಮೊದಲು ಒಳಗಿನದು, ಈಗ ಹೊರಗಿನದು!

ಲಾರಿಗೆ ವಯಸ್ಸಾದರೆ ಅದು ನಿಲ್ಲುವುದಿಲ್ಲ, ಅದರ ಪ್ರಪಂಚ ಚಿಕ್ಕದಾಗುತ್ತಾ ಹೋಗುತ್ತದೆ ಅನ್ನಿಸಿತು. ಬೆಂಗಳೂರಿಗೆ ವಾಪಸ್ ಬಂದಮೇಲೆ ಇದರ ಬಗ್ಗೆ ಓದುತ್ತಾ ಹೋದೆ. ಸಿಕ್ಕಿದ್ದು ಬರೀ ಯಂತ್ರದ ಕತೆಯಲ್ಲ. ನಮ್ಮ ದೇಶದ ಕಾನೂನು, ಸಾಲ, ರಸ್ತೆ ಎಲ್ಲ ಸೇರಿ ಲಾರಿಗೊಂದು ಆಯುಷ್ಯ ಬರೆದ ಕತೆ.

*

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಎರಡನೇ ಮಹಾಯುದ್ಧ ಮುಗಿದಾಗ ನಮ್ಮ ದೇಶದಲ್ಲಿ ಜನರ ಕೈಗೆ ಬಂದ ಲಾರಿಗಳಲ್ಲಿ ಬಹಳಷ್ಟು ಸೈನ್ಯ ಬಳಸಿ ಬಿಟ್ಟವು. ಅಂದರೆ ನಮ್ಮ ಲಾರಿ ಸಾಗಣೆ ಬೆಳೆದದ್ದೇ ಸೆಕೆಂಡ್ ಹ್ಯಾಂಡ್ ಗಾಡಿಗಳ ಜೊತೆ. 1945ರಲ್ಲಿ ರೈಲು ಎಂಜಿನ್ ಮಾಡಲು ಶುರುವಾದ ಟೆಲ್ಕೋ, 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. ಮುಂದೆ ಬೆಂಜ್ ನಕ್ಷತ್ರ ಇದ್ದ ಆ ಲಾರಿಗಳನ್ನು ಹಳಬರು ಈಗಲೂ 'ಬೆಂಜ್ ಲಾರಿ' ಅಂತಲೇ ನೆನೆಸಿಕೊಳ್ಳುತ್ತಾರೆ. 1969ರಲ್ಲಿ ಒಪ್ಪಂದ ಮುಗಿದು ನಕ್ಷತ್ರದ ಜಾಗಕ್ಕೆ ಟಾಟಾದ 'ಟಿ' ಬಂತು. ಈ ಕಡೆ ಮದ್ರಾಸಿನಲ್ಲಿ 1948ರ ಅಶೋಕ್ ಮೋಟರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಬೊಂಬಾಯಿಯ ಪ್ರೀಮಿಯರ್ ಕಂಪನಿಯ ಡಾಡ್ಜ್, ಫಾರ್ಗೋ, ಕಲ್ಕತ್ತೆಯ ಹಿಂದುಸ್ತಾನ್ ಮೋಟರ್ಸಿನ ಬೆಡ್‌ಫರ್ಡ್ ಕೂಡ ಇದ್ದವು.

ಆದರೂ ಲೈಸೆನ್ಸ್ ರಾಜ್ಯದ ಆ ದಿನಗಳಲ್ಲಿ ಹೊಸ ಲಾರಿ ಬೇಕೆಂದರೆ ಹೆಸರು ಬರೆಸಿ ಕಾಯಬೇಕಿತ್ತು. ಹೊಸದು ಸಿಗದಿದ್ದಾಗ ಹಳೆಯದನ್ನು ಯಾರು ಗುಜರಿಗೆ ಹಾಕುತ್ತಾರೆ? ಎಂಜಿನ್ ಬೋರ್ ಮಾಡಿಸುವುದು, ಟೈರ್ ರೀಟ್ರೆಡ್ ಮಾಡಿಸುವುದು, ಮರದ ಬಾಡಿ ಬಿಚ್ಚಿ ಹೊಸದಾಗಿ ಕಟ್ಟಿಸುವುದು... ಹೀಗೆ ಒಂದೊಂದು ಲಾರಿಗೂ ಮೂರು ನಾಲ್ಕು ಜನ್ಮ. ಷಾಸಿ ನಂಬರ್ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಬದಲಾದ ಗಾಡಿಗಳೂ ಇದ್ದವು. (ನಮ್ಮ ಆಫೀಸಿನಲ್ಲೂ ಇಂಥ ಸಾಫ್ಟ್‌ವೇರ್ ಒಂದಿದೆ, ಅದರ ಕತೆ ಇನ್ನೊಂದು ದಿನ.)

ಆಗ ಹೊಸ ಲಾರಿಗೂ ದೇಶವೆಲ್ಲಾ ಓಡುವ ಸ್ವಾತಂತ್ರ್ಯ ಇರಲಿಲ್ಲ. 1939ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪರ್ಮಿಟ್ ಒಂದು ಪ್ರದೇಶಕ್ಕೆ, ಬೇರೆ ರಾಜ್ಯಕ್ಕೆ ಹೋಗಬೇಕೆಂದರೆ ಅಲ್ಲಿನವರ ಸಹಿ, ಅಲ್ಲಿನ ತೆರಿಗೆ. 1975ರಲ್ಲಿ ನ್ಯಾಷನಲ್ ಪರ್ಮಿಟ್ ಯೋಜನೆ ಬಂದಾಗ ಒಂದೇ ಪರ್ಮಿಟ್‌ನಲ್ಲಿ ಹಲವು ರಾಜ್ಯ ಸುತ್ತುವ ದಾರಿ ತೆರೆಯಿತು. ವಿಜಯ ಸಂಕೇಶ್ವರರು ಗದಗದಲ್ಲಿ ಒಂದೇ ಒಂದು ಲಾರಿ ಇಟ್ಟುಕೊಂಡು ವ್ಯಾಪಾರ ಶುರು ಮಾಡಿದ್ದು ಇದಾದ ಮರುವರ್ಷ, 1976ರಲ್ಲಿ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. 1988ರ ಹೊಸ ಕಾಯ್ದೆಯ ಕೆಳಗೆ ಬಂದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 88ನೆಯದು ಅಂತ ಒಂದಿದೆ. 12 ವರ್ಷ ದಾಟಿದ ಲಾರಿಗೆ ನ್ಯಾಷನಲ್ ಪರ್ಮಿಟ್ ಇಲ್ಲ, ಮಲ್ಟಿ ಆಕ್ಸಲ್ ಆದರೆ 15 ವರ್ಷ. ಇದರ ಪಕ್ಕದಲ್ಲೇ 90ನೇ ನಿಯಮದಲ್ಲಿ ನ್ಯಾಷನಲ್ ಪರ್ಮಿಟ್ ಗಾಡಿ ಹೇಗಿರಬೇಕು ಅಂತಲೂ ಬರೆದಿದ್ದರು: ಒಣಗಿದ ಎಲೆಯ ಕಂದು ಬಣ್ಣ, ದಪ್ಪ ಬಿಳಿ ಅಂಚು. ನಾವು ಚಿಕ್ಕವರಿದ್ದಾಗ ಹೈವೇಯಲ್ಲಿ ನೋಡುತ್ತಿದ್ದ ಕಂದು ಲಾರಿಗಳು ನೆನಪಾದವಾ? ಡ್ರೈವರ್‌ಗಳ ಇಷ್ಟ ಅಂದುಕೊಂಡಿದ್ದೆ, ಸರ್ಕಾರದ ಬಣ್ಣವಂತೆ!

ಗಮನಿಸಿ, 12 ವರ್ಷಕ್ಕೆ ಲಾರಿ ಸಾಯಬೇಕು ಅಂತ ಕಾನೂನು ಹೇಳಲಿಲ್ಲ. ದೂರ ಹೋಗಬೇಡ ಅಂತ ಹೇಳಿತು, ಅಷ್ಟೇ. ರಾಜ್ಯದ ಒಳಗೆ, ಎಫ್.ಸಿ. ಇರುವವರೆಗೆ, ಓಡಬಹುದು.

*

ಕಾನೂನು ಇಲ್ಲದಿದ್ದರೂ ಹೀಗೇ ಆಗುತ್ತಿತ್ತು ಅನ್ನಿ. ಯಾಕೆ ಅಂದರೆ ಲೆಕ್ಕ ಇರುವುದೇ ಹಾಗೆ. ಹೊಸ ಲಾರಿಗೆ ತಿಂಗಳು ತಿಂಗಳೂ ಕಂತು ಕಟ್ಟಬೇಕು. ನಿಂತರೂ ಕಂತು, ಓಡಿದರೂ ಕಂತು. ಆದ್ದರಿಂದ ಎಷ್ಟು ಹೆಚ್ಚು ಕಿಲೋಮೀಟರ್ ಓಡುತ್ತೋ ಅಷ್ಟು ಒಳ್ಳೆಯದು, ಅದಕ್ಕೆ ದೂರದ ಲೋಡೇ ಬೇಕು. ಕಂತು ತೀರುವ ಹೊತ್ತಿಗೆ ರಿಪೇರಿ ಶುರು. ಗಾಡಿ ಝಾನ್ಸಿ ಹತ್ತಿರ ಕೆಟ್ಟು ನಿಂತರೆ ಗೊತ್ತಿಲ್ಲದ ಮೆಕ್ಯಾನಿಕ್, ಗೊತ್ತಿಲ್ಲದ ಭಾಷೆ, ಮೇಲೆ ನಾಲ್ಕು ದಿನ ಬಾಡಿಗೆ ನಷ್ಟ. ಊರ ಪಕ್ಕ ಕೆಟ್ಟರೆ ಗ್ಯಾರೇಜಿನ ಹುಡುಗ ಬೈಕಿನಲ್ಲಿ ಬರುತ್ತಾನೆ, ದುಡ್ಡು ಹಬ್ಬ ಆದಮೇಲೆ ಕೊಟ್ಟರೂ ನಡೆಯುತ್ತದೆ. ಲಕ್ಷಾಂತರ ರೂಪಾಯಿ ಮಾಲು ಕಳಿಸುವ ವ್ಯಾಪಾರಿ ಹಳೇ ಗಾಡಿ ಬೇಡ ಅನ್ನುತ್ತಾನೆ. ಇಟ್ಟಿಗೆ, ಸಿಪ್ಪೆ ಸಾಗಿಸುವವನಿಗೆ ಗಾಡಿ ಯಾವ ವರ್ಷದ್ದಾದರೇನು, ಬಾಡಿಗೆ ಕಡಿಮೆ ಇದ್ದರೆ ಸಾಕು.

ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ಜನಗಣತಿ ಇಲಾಖೆ 1963ರಿಂದ 2002ರವರೆಗೆ ಲಾರಿಗಳ ಬಳಕೆಯನ್ನೇ ಅಳೆಯುವ ಒಂದು ಸಮೀಕ್ಷೆ ನಡೆಸುತ್ತಿತ್ತು (2021ರ ವರ್ಷಕ್ಕೆ ಮತ್ತೆ ಮಾಡಿದರು). ಅಲ್ಲೂ ಇದೇ ಚಿತ್ರ. ದೂರ ಓಡುವ ದೊಡ್ಡ ಟ್ರಕ್ ಹೊಸದರಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಮೈಲಿ ಓಡುತ್ತದೆ, ವಯಸ್ಸಾದಂತೆ ಅದು ಇಳಿಯುತ್ತಾ ಹೋಗುತ್ತದೆ, ಕೊನೆಗೆ ಹೊಲದ ಕೆಲಸಕ್ಕೋ ಬಂದರಿನ ಸಣ್ಣ ಓಡಾಟಕ್ಕೋ ಬಂದು ನಿಲ್ಲುತ್ತದೆ. ಸಂಬಳದ ಪಟ್ಟಿಯಲ್ಲಿ ಮೇಲೆ ಇರುವವರು ಕಡಿಮೆ ಓಡಾಡುವುದು ನಮ್ಮ ಆಫೀಸಿನಲ್ಲೂ ಉಂಟು, ಆದರೆ ಲಾರಿ ವಿಷಯದಲ್ಲಿ ಸಂಬಳವೂ ಇಳಿಯುತ್ತೆ!

*

ಈ ಇಳಿಜಾರು ನನಗೆ ಮೊದಲು ಬೇಸರದ ವಿಷಯವಾಗಿ ಕಂಡಿತ್ತು. ಮಾವನನ್ನು ಕೇಳಿದ ಮೇಲೆ ತಿರುಗಾಮುರುಗಾ ಆಯಿತು.

ಮಾವ ಆ ಲಾರಿಗೆ ಮೊದಲು ಓನರ್ ಅಲ್ಲ, ಡ್ರೈವರ್. ದಿಲ್ಲಿಗೆ ಹೋಗುತ್ತಿದ್ದದ್ದು ಸಾಹುಕಾರರ ಗಾಡಿಯಲ್ಲಿ. 2010ರಲ್ಲಿ ಲಾರಿಗೆ 12 ವರ್ಷ ತುಂಬಿತು, ನ್ಯಾಷನಲ್ ಪರ್ಮಿಟ್ ಹೋಯಿತು. ದಿಲ್ಲಿಗೆ ಹೋಗದ ಲಾರಿ ಸಾಹುಕಾರರಿಗೆ ಬೇಡವಾಯಿತು, ಬೆಲೆ ಬಿತ್ತು. ಆ ಬೆಲೆಯಲ್ಲಿ ಮಾತ್ರ ಮಾವನಿಗೆ ಅದು ಎಟುಕಿತು. ಅತ್ತೆಯ ಸರ ಬ್ಯಾಂಕಿಗೆ ಹೋಯಿತು, ಉಳಿದದ್ದು ಫೈನಾನ್ಸ್.

"ಪರ್ಮಿಟ್ ಹೋಗಿದ್ದಕ್ಕೇ ಕಣೋ ನಾನು ಓನರ್ ಆಗಿದ್ದು" ಅಂದರು ಮಾವ.

ಹೈವೇಯಿಂದ ಲಾರಿ ಇಳಿಯುವ ಮೆಟ್ಟಿಲೇ ಡ್ರೈವರ್ ಹತ್ತುವ ಮೆಟ್ಟಿಲು. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಫೈನಾನ್ಸ್ ಕಂಪನಿಯವರು. 1979ರಲ್ಲಿ ಶುರುವಾದ ಶ್ರೀರಾಮ್ ಟ್ರಾನ್ಸ್‌ಪೋರ್ಟ್ ಫೈನಾನ್ಸ್ ಬೆಳೆದದ್ದೇ ಬ್ಯಾಂಕುಗಳು ಮುಟ್ಟದ ಹಳೇ ಲಾರಿಗಳಿಗೆ, ಒಂದೆರಡು ಗಾಡಿ ಇರುವ ಸಣ್ಣ ಓನರ್‌ಗಳಿಗೆ, ಡ್ರೈವರ್‌ಗಿರಿಯಿಂದ ಮೇಲೆ ಬಂದವರಿಗೆ ಸಾಲ ಕೊಟ್ಟು. (2022ರಲ್ಲಿ ಅದರ ಹೆಸರು ಶ್ರೀರಾಮ್ ಫೈನಾನ್ಸ್ ಅಂತ ಬದಲಾಯಿತು.) ಹಳೇ ಲಾರಿಗೆ ಬೆಲೆ ಕಟ್ಟುವುದು, ಅದು ಇನ್ನೂ ಎಷ್ಟು ದುಡಿಯುತ್ತದೆ ಅಂತ ಅಂದಾಜು ಮಾಡುವುದು ಒಂದು ದೊಡ್ಡ ವಿದ್ಯೆಯೇ.

ಈ ಅಂದಾಜು ತಲೆಕೆಳಗಾದದ್ದನ್ನೂ ನಮ್ಮ ರಾಜ್ಯ ನೋಡಿದೆ. 2000ದ ದಶಕದಲ್ಲಿ ಚೀನಾ ಅದಿರು ಕೊಳ್ಳಲು ನಿಂತಾಗ ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆಯಿಂದ ಬಂದರುಗಳಿಗೆ ಲಾರಿಗಳ ಸಾಲೇ ಸಾಲು. ಹೊಲ ಅಡವಿಟ್ಟು ಲಾರಿ ಕೊಂಡವರಿದ್ದರು. ಮಿತಿಮೀರಿ ಹೇರಿದ ಅದಿರಿಗೆ ಎರಡು ಮೂರು ವರ್ಷದ ಗಾಡಿಯೇ ಮುದುಕನಂತೆ ಕುಗ್ಗುತ್ತಿತ್ತು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ನಿಲ್ಲಿಸಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾವಿರಾರು ಲಾರಿಗಳು ಒಮ್ಮೆಗೇ ಕೆಲಸವಿಲ್ಲದೆ ನಿಂತವು. ಕಂತು ಮುಗಿಯದ ಗಾಡಿಗಳು ಸೀಜ್ ಆದವು. ಲಾರಿಯ ವಯಸ್ಸು ಅನ್ನುವುದು ಆರ್.ಸಿ. ಪುಸ್ತಕದಲ್ಲಿ ಇರುವ ವರ್ಷ ಅಲ್ಲ, ಅದಕ್ಕೆ ಸಿಗುವ ಕೆಲಸ ಅಂತ ನನಗೆ ಅನ್ನಿಸುವುದು ಇದಕ್ಕೇ.

*

ಇಲ್ಲಿಗೆ ನಿಲ್ಲಿಸಿದರೆ ಇದು ಮಾವನ ಪರ ವಕಾಲತ್ತು ಆಗುತ್ತದೆ. ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ.

ಹಳೇ ಲಾರಿ ಹೊಗೆ ಉಗುಳುತ್ತೆ, ಆದರೆ ಓಡುವುದೇ ಕಮ್ಮಿ, ಹಾಗಾಗಿ ಒಟ್ಟು ಹೊಗೆ ಕಮ್ಮಿ ತಾನೇ? ನಾನೂ ಹಾಗೇ ಅಂದುಕೊಂಡಿದ್ದೆ. ಮಾವನ ಗಾಡಿ 1998ರದ್ದು. ಯುರೋಪಿನ ಮೊದಲ ಹಂತಕ್ಕೆ ಸಮನಾದ ಹೊಗೆ ನಿಯಮ ನಮ್ಮಲ್ಲಿ ಬಂದದ್ದು 2000ದಲ್ಲಿ, ಅಂದರೆ ಗಾಡಿ ಅದಕ್ಕಿಂತ ಹಿಂದಿನದು. ಆ 2000ದ ನಿಯಮದಲ್ಲಿ ಎಂಜಿನ್ ಮಾಡುವ ಪ್ರತಿ ಕಿಲೋವಾಟ್-ಗಂಟೆ ಕೆಲಸಕ್ಕೆ 0.36 ಗ್ರಾಂ ಕಣಗಳು ಹೊರಬರಬಹುದಿತ್ತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6ರಲ್ಲಿ ಇದು 0.01 ಗ್ರಾಂ. 36 ಪಟ್ಟು ವ್ಯತ್ಯಾಸ. ಮಾವನ ಲಾರಿ ವರ್ಷಕ್ಕೆ 7,200 ಕಿ.ಮೀ. ಓಡುತ್ತದೆ. ಅದನ್ನು 36ರಿಂದ ಗುಣಿಸಿದರೆ 2,59,200. ಪರೀಕ್ಷೆಯ ಕ್ರಮಗಳು ಬೇರೆ ಬೇರೆ, ಇದು ಒರಟು ಲೆಕ್ಕ, ಒಪ್ಪುತ್ತೇನೆ. ಆದರೂ ವರ್ಷಕ್ಕೆ ಲಕ್ಷ ಕಿ.ಮೀ. ಓಡುವ ಎರಡು ಹೊಸ ಲಾರಿಗಳಿಗಿಂತ ಹೆಚ್ಚಿನ ಮಸಿಯನ್ನು, ತಿಂಗಳಿಗೆ ಆರುನೂರು ಓಡುವ ಈ ಅಜ್ಜ ಬಿಡುತ್ತಿರಬಹುದು.

ಅದೂ ಎಲ್ಲಿ? ಹೊಸ ಲಾರಿಯ ಹೊಗೆ ಹೈವೇಗೆ. ಹಳೆಯದರ ಹೊಗೆ ಊರೊಳಗೆ, ಸಂತೆ ಬೀದಿಗೆ, ಸ್ಕೂಲಿನ ಮುಂದೆ. ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳಲ್ಲಿ ಇದೇ ಸಮಸ್ಯೆ ಇತ್ತು. ದೇಶ ಸುತ್ತಿ ಸುಸ್ತಾದ ಟ್ರಕ್ಕುಗಳೆಲ್ಲ ಕೊನೆಗಾಲಕ್ಕೆ ಬಂದರಿನ ಕಂಟೇನರ್ ಎಳೆಯಲು ಬಂದು, ಪಕ್ಕದ ಬಡಾವಣೆಯ ಜನರ ಎದೆ ತುಂಬಾ ಹೊಗೆ. 2008ರ ಅಕ್ಟೋಬರ್ 1ರಿಂದ ಅಲ್ಲಿ 1989ಕ್ಕಿಂತ ಹಳೆಯ ಟ್ರಕ್ಕುಗಳನ್ನು ಒಳಗೆ ಬಿಡುವುದನ್ನೇ ನಿಲ್ಲಿಸಿದರು. ಆ ಟ್ರಕ್ಕುಗಳ ಓನರ್‌ಗಳಲ್ಲಿ ಬಹಳ ಜನ ನಮ್ಮ ಮಾವನ ಥರದವರೇ, ಒಂದು ಗಾಡಿಯ ಸಂಸಾರ.

ಈ ಲೆಕ್ಕ ನನಗೆ ಇಷ್ಟವಾಗಲಿಲ್ಲ. ಆದರೆ ಇಷ್ಟವಾಗಲಿಲ್ಲ ಅಂತ ಎರಡು ಸಲ ಮಾಡಿ ನೋಡಿದರೂ ಉತ್ತರ ಅದೇ ಬಂತು.

ನಮ್ಮ ದೇಶ ಇದಕ್ಕೆ ಎರಡು ದಾರಿ ಹಿಡಿದಿದೆ. ಒಂದು, ವರ್ಷ ಎಣಿಸುವುದು. 1998ರಲ್ಲಿ ಸುಪ್ರೀಂ ಕೋರ್ಟ್ 15 ವರ್ಷ ದಾಟಿದ ವಾಣಿಜ್ಯ ವಾಹನಗಳನ್ನು ದಿಲ್ಲಿಯಿಂದ ತೆಗೆಯಲು ಹೇಳಿತು. 2015ರಲ್ಲಿ ಹಸಿರು ನ್ಯಾಯಮಂಡಳಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳು ಅಲ್ಲಿ ಓಡಬಾರದು ಅಂದಿತು. ಇನ್ನೊಂದು, ಗಾಡಿಯ ಆರೋಗ್ಯ ನೋಡುವುದು. 2021ರ ಗುಜರಿ ನೀತಿ ಖಾಸಗಿಯವರ ಲಾರಿಗೆ ಇಷ್ಟೇ ವರ್ಷ ಅಂತ ಗೆರೆ ಎಳೆಯಲಿಲ್ಲ, ಫಿಟ್ನೆಸ್ ಪರೀಕ್ಷೆ ಪಾಸಾದರೆ ಓಡಲಿ ಅಂದಿತು. ಪರೀಕ್ಷೆಯನ್ನು ಬ್ರೇಕ್ ಇನ್‌ಸ್ಪೆಕ್ಟರ ಕಣ್ಣಿನ ಬದಲು ಯಂತ್ರ ಮಾಡಲಿ ಅಂತಲೂ ಹೇಳಿತು. ಇಂಜಿನಿಯರ್ ಆಗಿ ನನ್ನ ಓಟು ಈ ಎರಡನೆಯದಕ್ಕೆ. ಆದರೆ ಜೊತೆಗೇ ಶುಲ್ಕವೂ ಏರಿತು: 15 ವರ್ಷ ದಾಟಿದ ಲಾರಿಗೆ 2022ರ ಏಪ್ರಿಲ್‌ನಿಂದ ₹12,500, 20 ದಾಟಿದ್ದಕ್ಕೆ 2025ರ ನವೆಂಬರ್‌ನಲ್ಲಿ ₹25,000 ಅಂತ ಗೊತ್ತು ಮಾಡಿದರು. ಅಂದರೆ ವರ್ಷ ಎಣಿಸುವುದು ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂತು.

ನನಗೆ ತಪ್ಪು ಕಾಣುವುದು ಇನ್ನೊಂದು ಕಡೆ. ಹಳೇ ಗಾಡಿ ಗುಜರಿಗೆ ಕೊಟ್ಟರೆ ಸಿಗುವ ಸರ್ಟಿಫಿಕೇಟಿನ ಮೇಲಿನ ರಿಯಾಯಿತಿ ಎಲ್ಲಾ ಹೊಸ ಗಾಡಿ ಕೊಳ್ಳುವವರಿಗೆ. ವಾಣಿಜ್ಯ ವಾಹನವಾದರೆ ರಸ್ತೆ ತೆರಿಗೆಯಲ್ಲಿ ಶೇ. 15ರವರೆಗೆ. ಇಪ್ಪತ್ತೇಳು ವರ್ಷದ ಲಾರಿ ಇಟ್ಟುಕೊಂಡವನು ಹೊಸ ಲಾರಿ ಕೊಳ್ಳುವವನಾ? ಆ ಸರ್ಟಿಫಿಕೇಟನ್ನು ಬೇರೆಯವರಿಗೆ ಮಾರಬಹುದು, ನಿಜ. ಆದರೆ ಮಾವನಂಥವರಿಗೆ ಬೇಕಾದ್ದು ಹೊಸ ಲಾರಿಯಲ್ಲ, ಮೆಟ್ಟಿಲು ಇಳಿದು ಬರುತ್ತಿರುವ ಇನ್ನೊಂದು ಲಾರಿ. 2010ರ ಬಿಎಸ್ 3 ಲಾರಿಗಳು ಈಗಾಗಲೇ 12 ದಾಟಿ ಕೆಳಗೆ ಬಂದಿವೆ. 2017ರಿಂದ ಬಂದ ಬಿಎಸ್ 4 ಲಾರಿಗಳು 2029ರಿಂದ ಇಳಿಯತೊಡಗುತ್ತವೆ. ಆ ಮೆಟ್ಟಿಲಿಗೆ ಕಾಲಿಡಲು ಒಂದಿಷ್ಟು ಸಹಾಯ ಮಾಡಿದರೆ ಊರಿನ ಹೊಗೆಯೂ ಕಡಿಮೆ, ಸಂಸಾರವೂ ಉಳಿಯುತ್ತದೆ. ಏಣಿ ಮುರಿಯದೆ ಕೆಳಗಿನ ಕೊಳೆ ಗುಡಿಸಬಹುದು.

ಹೊರಡುವ ದಿನ ಮಾವನಿಗೆ ನನ್ನ 36 ಪಟ್ಟಿನ ಲೆಕ್ಕ ಇನ್ನೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮೊನ್ನೆ ಫೋನಿನಲ್ಲಿ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ.

"ಹೊಗೆ ನಮಗೆ ಕಾಣಲ್ವೇನೋ" ಅಂದರು. "ಇದನ್ನ ಗುಜರಿಗೆ ಹಾಕೋಕೆ ನಂಗೇನೂ ಬೇಜಾರಿಲ್ಲ. ಇದರ ಜಾಗಕ್ಕೆ ಇನ್ನೊಂದು ಹಳೇದು ಬರೋ ಹಾಗಿರಬೇಕು, ಅಷ್ಟೇ."

ಈ ವರ್ಷದ ಎಫ್.ಸಿ. ಮುಗಿಯಲು ಇನ್ನೂ ನಾಲ್ಕು ತಿಂಗಳಿದೆ. ಅಷ್ಟರಲ್ಲಿ ಒಂದು ಬಿಎಸ್ 3 ಗಾಡಿ ಹುಡುಕಿಕೊಡು, ಆನ್‌ಲೈನ್‌ನಲ್ಲಿ ಸಿಗುತ್ತಂತಲ್ಲ ಅಂದಿದ್ದಾರೆ. ಹುಡುಕುತ್ತಿದ್ದೇನೆ.

ಆ ದಿನ ಫೋಟೋ ತೆಗೆಯುವಾಗ ಒಂದು ನೋಡಿದೆ. ಮಾವ ಲಾರಿಗೆ ನೀಲಿ ಬಣ್ಣ ಹೊಡೆಸಿದ್ದಾರೆ. ಆದರೆ ಪಕ್ಕದ ಹಲಗೆಯಲ್ಲಿ ಒಂದು ಕಡೆ ಬಣ್ಣ ಎದ್ದುಹೋಗಿ ಕೆಳಗಿನ ಕಂದು ಕಾಣುತ್ತದೆ. ಅದರ ಮೇಲೆ ಅರ್ಧ ವೃತ್ತ, ಒಳಗೆ ಮಾಸಿದ ಬಿಳಿ ಅಕ್ಷರ. ನ್ಯಾಷನಲ್ ಪರ್ಮಿಟ್.

ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಊರಿನ ಹಳೇ ಲಾರಿಯ ಬಣ್ಣದ ಕೆಳಗೂ ಸ್ವಲ್ಪ ನೋಡಿ.